ಚೋಮನನ್ನು ಅರ್ಧಕ್ಕೆ ನಿಲ್ಲಿಸಬೇಡಿ

ಗಡಿನಾಡಿನಲ್ಲಿ ಕನ್ನಡದ ಕಾರ್ಯಕ್ರಮ ಮಾಡಿಸುವ ಅಧಿಕಾರಿಗಳಿಗೆ,

ನಮಸ್ಕಾರ. ಯಾವ ಕಚೇರಿ, ಯಾವ ಇಲಾಖೆ ಅಂತ ಹೆಸರು ಹಾಕಿಲ್ಲ. ಬೆಂಗಳೂರಿನವರೂ ಓದಲಿ, ತಿರುವನಂತಪುರದವರೂ ಯಾರಿಂದಾದರೂ ಓದಿಸಿಕೊಳ್ಳಲಿ. ನಾನು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ ಇರುವ ಒಂದು ಊರಿನವನು. ಕನ್ನಡ ಶಾಲೆಯಲ್ಲಿ ಮೂವತ್ತೊಂದು ವರ್ಷ ಮಾಷ್ಟ್ರಾಗಿದ್ದೆ. ಈಗ ಸ್ವಲ್ಪ ಅಡಿಕೆ, ಸ್ವಲ್ಪ ವಾಚನಾಲಯದ ಕೆಲಸ, ಉಳಿದ ಹೊತ್ತು ಹಳೇ ಸಿನಿಮಾ.

ಕೆಲವು ವರ್ಷಗಳ ಹಿಂದೆ ನವೆಂಬರಿನಲ್ಲಿ ನಮ್ಮ ಕಡೆಯ ಒಂದು ಶಾಲೆಯಲ್ಲಿ ಕನ್ನಡ ಹಬ್ಬ ನಡೆಯಿತು. ಭಾಷಣ ಆಯಿತು, ಹಾರ ಆಯಿತು, ಶಾಲು ಆಯಿತು. ಊಟದ ಮೇಲೆ ಸಿನಿಮಾ. ಯಾರೋ ಪುಣ್ಯಾತ್ಮರು ಪೆನ್ ಡ್ರೈವ್‌ನಲ್ಲಿ ‘ಚೋಮನ ದುಡಿ’ ತಂದಿದ್ದರು. ಪರದೆ ಅಂದರೆ ಎರಡು ಬಿಳಿ ಪಂಚೆ ಸೇರಿಸಿ ಹೊಲಿದದ್ದು. ಕಿಟಕಿಗಳಿಗೆ ಅಡಿಕೆ ಮುಚ್ಚುವ ಟಾರ್ಪಾಲು ಕಟ್ಟಿದ್ದೆವು. ಮಕ್ಕಳು ಮುಂದೆ ನೆಲದಲ್ಲಿ, ಊರವರು ಹಿಂದೆ ಬೆಂಚಿನಲ್ಲಿ. ನನ್ನ ಪಕ್ಕ ಒಬ್ಬ ಅಜ್ಜಿ. ಎಂಬತ್ತು ದಾಟಿದವರು. ಮೊಮ್ಮಗಳ ಡ್ಯಾನ್ಸ್ ನೋಡಲಿಕ್ಕೆ ಬಂದಿದ್ದರು. ಹೊರಗೆ ಬಿಸಿಲು ಜೋರಿತ್ತು ಅಂತ ಅಲ್ಲೇ ಉಳಿದಿದ್ದರು, ಅಷ್ಟೇ.

ಮುಟ್ಟಬಾರದವನು ಅಂತ ದೂರ ಇಟ್ಟ ಕೂಲಿಯಾಳು ಚೋಮ, ಧಣಿಗಳ ಅಂಗಳದ ಹೊರಗೆ ನಿಂತು ಬೇಸಾಯಕ್ಕೆ ತುಂಡು ಭೂಮಿ ಕೇಳುವುದು ಬಂತು. ಅಜ್ಜಿ ನನ್ನ ತೋಳು ಹಿಡಿದುಕೊಂಡರು. ತುಳುವಿನಲ್ಲಿ ಹೇಳಿದರು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ: “ಹೀಗೇ ಮಾಷ್ಟ್ರೇ. ನಾವು ಅಲ್ಲೇ ನಿಲ್ಲುತ್ತಿದ್ದದ್ದು. ಆ ಕಟ್ಟೆಯಿಂದ ಈಚೆ. ನೆಲದಲ್ಲಿ ಗುಳಿ ತೋಡಿ, ಬಾಳೆ ಎಲೆ ಇಟ್ಟು, ಅದಕ್ಕೆ ಗಂಜಿ ಹೊಯ್ಯುತ್ತಿದ್ದರು.” ಹೇಳುವಾಗ ಕಣ್ಣು ಪರದೆ ಬಿಟ್ಟು ಅಲ್ಲಾಡಲಿಲ್ಲ. ಬಲಗೈಯಲ್ಲಿ ಮಾತ್ರ ಗುಳಿಯ ಅಳತೆ ತೋರಿಸುತ್ತಿದ್ದರು. ಒಂದು ಗೇಣು ಅಗಲ, ಅರ್ಧ ಗೇಣು ಆಳ.

ಮುಂದೆ ಚೋಮನ ಸಣ್ಣ ಮಗ ನೀರಿನಲ್ಲಿ ಮುಳುಗುತ್ತಾನೆ. ಮುಟ್ಟಿದರೆ ಮೈಲಿಗೆ ಅಂತ ಯಾರೂ ಎತ್ತಲು ಹೋಗುವುದಿಲ್ಲ. ಸಭಾಂಗಣದಲ್ಲಿ ಉಸಿರಿಲ್ಲ. ಆಗ ಕಾರ್ಯಕ್ರಮದ ಉಸ್ತುವಾರಿ ಹೊತ್ತಿದ್ದವರು ಎದ್ದು ಬಂದರು. “ಹಬ್ಬದ ದಿನ ಇದೆಲ್ಲ ಬೇಡ. ಮಕ್ಕಳಿದ್ದಾರೆ. ಒಳ್ಳೇದು ಏನಾದರೂ ಹಾಕಿ” ಅಂದರು. ಲ್ಯಾಪ್‌ಟಾಪ್ ಹುಡುಗ ನಿಲ್ಲಿಸಿದ. ನಾಡಿನ ಹಾಡುಗಳ ವಿಡಿಯೋ ಶುರುವಾಯಿತು. ಜೋಗ, ಹಂಪಿ, ಆನೆ. ಅಜ್ಜಿ ಸ್ವಲ್ಪ ಹೊತ್ತು ಆನೆ ನೋಡಿದರು. ಆಮೇಲೆ ನನ್ನನ್ನು ಕೇಳಿದರು, “ಚೋಮ ಎಂತ ಆದ?”

ಆ ದಿನ ನಾನು ಉತ್ತರ ಹೇಳಲಿಲ್ಲ. ಬಾಯಲ್ಲಿ ಹೇಳುವ ಉತ್ತರ ಅದಲ್ಲ. ನಿಲ್ಲಿಸಿದವರು ಕೆಟ್ಟವರೂ ಅಲ್ಲ, ಮಕ್ಕಳ ಮನಸ್ಸು ನೋಯದಿರಲಿ ಅಂತಲೇ ಮಾಡಿದ್ದು. ಆದರೆ ಆ ಒಂದು ಗುಂಡಿ ಒತ್ತಿದ್ದರಿಂದ ಏನು ಹೋಯಿತು ಅನ್ನುವುದು ಅವರಿಗೆ ಗೊತ್ತಾಗಲಿಲ್ಲ. ಅದನ್ನು ಹೇಳಲಿಕ್ಕೇ ಈ ಪತ್ರ.

ಹಳೇ ಸಿನಿಮಾದಲ್ಲಿ ಎರಡು ಕಾಲ ಇರುತ್ತವೆ. ಕತೆ ನಡೆಯುವ ಕಾಲ ಒಂದು, ಕ್ಯಾಮೆರಾ ತಿರುಗಿದ ಕಾಲ ಇನ್ನೊಂದು. ಶಿವರಾಮ ಕಾರಂತರು ‘ಚೋಮನ ದುಡಿ’ ಬರೆದದ್ದು 1933ರಲ್ಲಿ. ಆಗ ಕಾಸರಗೋಡೂ ಪುತ್ತೂರೂ ಒಂದೇ ದಕ್ಷಿಣ ಕನ್ನಡ ಜಿಲ್ಲೆ, ಮದರಾಸಿನ ಆಡಳಿತ. ಬಿ.ವಿ. ಕಾರಂತರು ಸಿನಿಮಾ ಮಾಡಿದ್ದು 1975ರಲ್ಲಿ. ನಡುವೆ ನಲವತ್ತೆರಡು ವರ್ಷ. ಆ ನಡುವೆ ನಮ್ಮ ನಡುವೆ ಗಡಿಯೂ ಬಿತ್ತು. ಕೇರಳದಲ್ಲಿ 1970ರ ಜನವರಿ 1ರಿಂದಲೇ ಗೇಣಿ ಪದ್ಧತಿ ಹೋಯಿತು. ಕರ್ನಾಟಕದಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ. ಸಿನಿಮಾ ಬಂದ 1975ರ ಅಕ್ಟೋಬರಿನಲ್ಲಿ ಜೀತ ರದ್ದು ಮಾಡುವ ಸುಗ್ರೀವಾಜ್ಞೆ ಹೊರಬಿತ್ತು. ಹೀಗಿರುವಾಗ ಸಾಲ ತೀರಿಸಲಾಗದೆ ಮಕ್ಕಳನ್ನು ತೋಟಕ್ಕೆ ಕಳಿಸುವ ಚೋಮನನ್ನು ಪರದೆಗೆ ತಂದದ್ದು ಬರೀ ಹಳೇ ಕತೆ ಹೇಳಲಿಕ್ಕಲ್ಲ. ಉಳುವವನಿಗೆ ಭೂಮಿ ಅಂತ ಊರೆಲ್ಲ ಕೂಗುತ್ತಿದ್ದಾಗ, ಉಳಲಿಕ್ಕೂ ಬಿಡದೆ ಇಟ್ಟವನ ಗತಿ ಏನು ಅಂತ ಆ ಸಿನಿಮಾ ಕೇಳಿತು. ಗೇಣಿದಾರನಿಗೆ ಚೀಟಿಯಾದರೂ ಇತ್ತು. ಚೋಮನಿಗೆ ಎರಡು ಎತ್ತು, ಒಂದು ದುಡಿ. ಚೋಮನಾಗಿದ್ದ ವಾಸುದೇವ ರಾಯರ ಮುಖದಲ್ಲಿ ಆ ಪ್ರಶ್ನೆ ಕೊನೆಯವರೆಗೂ ಇಳಿಯುವುದಿಲ್ಲ. ಅವರಿಗೆ ರಾಷ್ಟ್ರಪ್ರಶಸ್ತಿ ಬಂತು, ಚಿತ್ರಕ್ಕೆ ಸ್ವರ್ಣಕಮಲ ಬಂತು.

ಇದನ್ನು ಮಕ್ಕಳಿಗೆ ಪಾಠದಲ್ಲಿ ಹೇಳಬಹುದು, ನಾನೂ ಹೇಳಿದ್ದೇನೆ. ಐದು ಅಂಕದ ಪ್ರಶ್ನೆಯಾಗುತ್ತದೆ, ಅಷ್ಟೇ.

ಅದಕ್ಕೂ ಹಿಂದಿನ ಸಿನಿಮಾಗಳ ಮಾತು ಬೇರೆ. ಕನ್ನಡದ ಮೊದಲ ಮಾತಿನ ಚಿತ್ರವಾಗಿ ತೆರೆಗೆ ಬಂದ ‘ಸತಿ ಸುಲೋಚನ’ 1934ರದ್ದು. ಅದನ್ನು ತೆಗೆದದ್ದು ಕೊಲ್ಲಾಪುರದಲ್ಲಿ. ಅದರ ಪ್ರಿಂಟ್ ಉಳಿದಿಲ್ಲ. ಹಾಗಾಗಿ ಕನ್ನಡ ಸಿನಿಮಾದ ಮೊದಲ ಮಾತು ಹೇಗೆ ಕೇಳಿಸಿತು ಅಂತ ನಾವು ಕೇಳುವ ಹಾಗಿಲ್ಲ. ನಾಟಕ ಕಂಪನಿಯಿಂದ ಬಂದವರೇ ಮೊದಲಿಗೆ ಸಿನಿಮಾ ಮಾಡಿದ್ದರಿಂದ ಪುರಾಣದ ಕತೆಗಳೇ ಜಾಸ್ತಿ. ಯಕ್ಷಗಾನದ ಪ್ರಸಂಗ ಬರೆದ ಕುಂಬಳೆ ಪಾರ್ತಿಸುಬ್ಬನ ಸೀಮೆಯ ನಮಗೆ ರಾಮಾಯಣ ಹೊಸತಲ್ಲ. ಚೆಂಡೆ ಇಲ್ಲದ ರಾವಣ ನಮಗೆ ಸ್ವಲ್ಪ ಸಪ್ಪೆಯೇ ಬಿಡಿ. ಆದರೆ 1954ರ ‘ಬೇಡರ ಕಣ್ಣಪ್ಪ’ ನೋಡಿ. ದೇವರ ಹತ್ತಿರ ಹೋಗಲು ಬೇಡನಿಗೆ ಪೂಜಾರಿ ಬೇಕಾಗಲಿಲ್ಲ ಅನ್ನುವ ಕತೆ, ಅಸ್ಪೃಶ್ಯತೆಯನ್ನು ಕಾನೂನು ಅಪರಾಧ ಮಾಡಿದ್ದಕ್ಕೆ ಒಂದು ವರ್ಷ ಮುಂಚೆ ಬಂದದ್ದು. ನೇರ ಹೇಳಲಾಗದ್ದನ್ನು ದೇವರ ಕತೆಯಲ್ಲಿ ಹೇಳುವ ಕಾಲ ಅದು. ಅದರಲ್ಲಿ ನಾಯಕನಾಗಿ ಬಂದ ರಾಜ್‌ಕುಮಾರರ ಗಾಜನೂರೂ ನಮ್ಮ ಹಾಗೇ ಗಡಿಯ ಆಚೆ ಉಳಿದ ಊರು, ಈಗ ತಮಿಳುನಾಡಿನದ್ದು.

ಒಮ್ಮೆ ಕಪ್ಪು ಬಿಳುಪಿನ ಒಂದು ಚಿತ್ರ ಹಾಕಿದಾಗ ಏಳನೇ ಕ್ಲಾಸಿನ ಹುಡುಗ ಕೇಳಿದ, “ಮಾಷ್ಟ್ರೇ, ಇದು ಯಾವ ಊರು?” ನಾನು ನೋಡಿದೆ. ಹಳ್ಳಿ ಇದೆ, ಬಾವಿ ಇದೆ, ಗುಡಿ ಇದೆ. ಯಾವ ಊರೂ ಅಲ್ಲ! ಮದರಾಸಿನ ಸ್ಟುಡಿಯೋದೊಳಗೆ ಕಟ್ಟಿದ ಹಳ್ಳಿ. ಅದೇ ಮೆಟ್ಟಿಲು, ಅದೇ ಕಂಬ, ಇನ್ನೊಂದು ಚಿತ್ರದಲ್ಲಿ ಶ್ರೀಮಂತರ ಮನೆಯಾಗಿರುತ್ತದೆ. ಕನ್ನಡ ಚಿತ್ರಗಳು ತುಂಬಾ ಕಾಲ ಅಲ್ಲೇ ತಯಾರಾದವು. ಕಲಾವಿದರೂ ಅಲ್ಲೇ ಮನೆ ಮಾಡಿದ್ದರು. ಹಂಚಿನ ಮಾಡು, ಮುರಕಲ್ಲಿನ ಗೋಡೆ, ಅಡಿಕೆ ತೋಟ, ನಾಲ್ಕು ತಿಂಗಳ ಮಳೆ, ಇದು ಯಾವುದೂ ಆ ಚಿತ್ರಗಳಲ್ಲಿ ಕಾಣುವುದಿಲ್ಲ. ಕನ್ನಡದವರದ್ದೇ ಸಿನಿಮಾ, ಆದರೆ ಕನ್ನಡದ ಮಣ್ಣು ಇಲ್ಲ. ಆ ಕಾಲದ ಕನ್ನಡದ ಬಡತನ ಆ ಸೆಟ್ಟಿನಲ್ಲಿ ಕಾಣುತ್ತದೆ. ಹುಡುಗ ಸರಿಯಾಗೇ ಕೇಳಿದ್ದ.

1960ರ ‘ರಣಧೀರ ಕಂಠೀರವ’ ಬಂದದ್ದು ಹೇಗೆ? ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಸೇರಿ ಕಲಾವಿದರ ಸಂಘ ಕಟ್ಟಿ ತೆಗೆದ ಚಿತ್ರ ಅದು. ಕತೆ ಹದಿನೇಳನೇ ಶತಮಾನದ ಮೈಸೂರಿನ ಅರಸನದ್ದು. ಎದೆ ತಟ್ಟುವುದು ಮಾತ್ರ 1960ರದ್ದು. ರಾಜ್ಯ ಒಂದಾಗಿ ನಾಲ್ಕು ವರ್ಷ, ಅದಕ್ಕಿನ್ನೂ ಕರ್ನಾಟಕ ಅನ್ನುವ ಹೆಸರೂ ಬಂದಿರಲಿಲ್ಲ. ಹೆಸರು ಬದಲಾದದ್ದು 1973ರಲ್ಲಿ. ನಮಗೂ ಒಬ್ಬ ಗಟ್ಟಿಗ ಇದ್ದ ಅಂತ ಹೇಳಿಕೊಳ್ಳುವ ಆಸೆ ಆ ಕುಸ್ತಿಯಲ್ಲಿ ಕಾಣುತ್ತದೆ. ಆ ರಾಜ್ಯ ಒಂದಾದ ಅದೇ 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದವರು. ಅಲ್ಲಿ ಹಬ್ಬದ ದಿನ, ಇಲ್ಲಿ ನಮ್ಮ ಅಪ್ಪನ ತಲೆಮಾರಿಗೆ ಅದು ಬೇರೆಯೇ ದಿನ. ಹಾಗಾಗಿ ಈ ಚಿತ್ರವನ್ನು ಬೆಂಗಳೂರಿನವರು ನೋಡುವುದೂ ನಾವು ನೋಡುವುದೂ ಒಂದೇ ಅಲ್ಲ. ಅವರಿಗೆ ಸಿಕ್ಕಿದ್ದರ ಸಂತೋಷ, ನಮಗೆ ಕೈತಪ್ಪಿದ್ದರ ನೆನಪು.

1967 ಇನ್ನೊಂದು ವರ್ಷ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ ಮಹಾಜನ್ ಆಯೋಗ ವರದಿ ಕೊಟ್ಟದ್ದು ಆ ವರ್ಷ. ವರದಿ ವರದಿಯಾಗೇ ಉಳಿಯಿತು. ಪುಟ್ಟಣ್ಣ ಕಣಗಾಲ್ ‘ಬೆಳ್ಳಿಮೋಡ’ ತೆಗೆದದ್ದೂ ಅದೇ ವರ್ಷ. ಅವರು ಅದಕ್ಕೂ ಮುಂಚೆ ಮಲಯಾಳದಲ್ಲಿ ನಿರ್ದೇಶನ ಮಾಡಿದ್ದರು ಅನ್ನುವುದು ನಮ್ಮ ಮಕ್ಕಳಿಗಿರಲಿ, ನಿಮ್ಮಲ್ಲೂ ಎಷ್ಟೋ ಮಂದಿಗೆ ಗೊತ್ತಿಲ್ಲ. ಪಂತುಲು ಅವರ ಕನ್ನಡ ಚಿತ್ರ ‘ಸ್ಕೂಲ್ ಮಾಸ್ಟರ್’ 1964ರಲ್ಲಿ ಮಲಯಾಳಕ್ಕೆ ಹೋದಾಗ ನಿರ್ದೇಶಕರು ಪುಟ್ಟಣ್ಣ. ತ್ರಿವೇಣಿಯವರ ಕಾದಂಬರಿ ‘ಬೆಕ್ಕಿನ ಕಣ್ಣು’ 1966ರಲ್ಲಿ ಮಲಯಾಳದ ‘ಪೂಚ್ಚಕ್ಕಣ್ಣಿ’ ಆಯಿತು. ಗಡಿಯಲ್ಲಿ ಭಾಷೆ ಭಾಷೆ ಅಂತ ಜಗಳವಾಡುತ್ತಿದ್ದ ಹೊತ್ತಿಗೆ ಮೈಸೂರಿನ ಹೆಂಗಸೊಬ್ಬಳು ಬರೆದ ಕತೆಯನ್ನು ಕೇರಳದವರು ಟಿಕೆಟ್ ತೆಗೆದು ನೋಡುತ್ತಿದ್ದರು, ಅಲ್ವಾ? ಇದನ್ನು ಯಾಕೆ ನಾವು ಇಬ್ಬರೂ ಹೇಳಿಕೊಳ್ಳುವುದಿಲ್ಲ?

‘ಬೆಳ್ಳಿಮೋಡ’ವೂ ತ್ರಿವೇಣಿಯವರದ್ದೇ. ಇಂದಿರೆ ಒಬ್ಬಳೇ ಮಗಳು ಅಂತ ಮದುವೆಗೆ ಒಪ್ಪಿ, ಅವಳ ಅಪ್ಪನ ದುಡ್ಡಿನಲ್ಲೇ ವಿದೇಶಕ್ಕೆ ಓದಲು ಹೋದವನು ಮೋಹನ. ಅವಳಿಗೆ ತಮ್ಮ ಹುಟ್ಟಿ ಆಸ್ತಿ ಕೈಬಿಟ್ಟು ಹೋಗುತ್ತದೆ ಅಂದಾಗ ಹಿಂದೆ ಸರಿಯುತ್ತಾನೆ. ಕೊನೆಗೆ ಬುದ್ಧಿ ಬಂದು ಬಂದರೆ ಇಂದಿರೆ ಬೇಡ ಅನ್ನುತ್ತಾಳೆ. 1967ರಲ್ಲಿ ಹೆಣ್ಣು ಬೇಡ ಅಂದದ್ದು ದೊಡ್ಡ ಮಾತು. ಇಂದಿರೆಯಾಗಿದ್ದ ಕಲ್ಪನಾ ಅದನ್ನು ಗಟ್ಟಿಯಾಗಿಯೇ ಹೇಳಿದರು.

ಇದನ್ನು ವಾಚನಾಲಯದಲ್ಲಿ ಹಾಕಿದಾಗ ಒಂದು ತಮಾಷೆ ಆಯಿತು. ಹಿಂದೆ ಕೂತ ಅಳಿಯಸಂತಾನದ ಮನೆಯ ಒಬ್ಬ ಹಿರಿಯ ಹೆಂಗಸು ಸಿನಿಮಾ ನಡುವೆಯೇ ಜೋರಾಗಿ ಕೇಳಿದರು, “ತಮ್ಮ ಹುಟ್ಟಿದರೆ ಅಕ್ಕನ ಆಸ್ತಿ ಹೋಗುವುದು ಯಾವ ಊರಲ್ಲಿ? ನಮ್ಮಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದಲೇ ಬರುವುದಲ್ವಾ?” ಎಲ್ಲರೂ ನಕ್ಕರು. ಆಮೇಲೆ ಅರ್ಧ ಗಂಟೆ ಸಿನಿಮಾ ನಿಂತೇ ಇತ್ತು. ತರವಾಡು ಮನೆ ಪಾಲಾದದ್ದು, ಕೂಡುಕುಟುಂಬ ರದ್ದು ಮಾಡುವ 1975ರ ಕೇರಳದ ಕಾಯಿದೆ, ಯಾರ ಮನೆಯಲ್ಲಿ ಯಾರಿಗೆ ಎಷ್ಟು ಬಂತು, ಎಲ್ಲ ಹೊರಗೆ ಬಂತು. ಕೆಲವರಿಗೆ ಮುಖ ಕೆಂಪಾಯಿತು. ಹೀಗೆ ನಿಲ್ಲಿಸುವುದು ಬೇರೆ, ನೀವು ನಿಲ್ಲಿಸುವುದು ಬೇರೆ ಅಂತ ನಿಮಗೆ ಅರ್ಥವಾಗುತ್ತದೆ ಅಂದುಕೊಳ್ಳುತ್ತೇನೆ. ನೋಡುವವರು ಮಾತಾಡಲಿಕ್ಕೆ ನಿಲ್ಲಿಸಿದರು, ಆಮೇಲೆ ಅವರೇ ಮುಂದೆ ಹಾಕಿಸಿದರು.

‘ಬಂಗಾರದ ಮನುಷ್ಯ’ದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 1972ರಲ್ಲಿ ನನಗೆ ಹದಿನಾಲ್ಕು. ಮಾವನ ಜೊತೆ ರೈಲಿನಲ್ಲಿ ಮಂಗಳೂರಿಗೆ ಹೋಗಿ ನೋಡಿದೆ. ರೇಷನ್ ಅಕ್ಕಿಯ ಕಾಲ. ಹೊರದೇಶದ ಗೋಧಿ ಬಂದರೆ ದೇಶ ಉಣ್ಣುತ್ತಿದ್ದ ವರ್ಷಗಳು ಆಗಷ್ಟೇ ಕಳೆದಿದ್ದವು. ಅಂಥ ಹೊತ್ತಿನಲ್ಲಿ ಚಿತ್ರದ ನಾಯಕ ರಾಜೀವ ಬಂಡೆ ಒಡೆದು ಬರಡು ನೆಲ ಹಸಿರು ಮಾಡುತ್ತಾನೆ. ಮಾವ ವಾಪಸ್ ಬರುವಾಗ ರೈಲಿನಲ್ಲಿ ಮಾತೇ ಆಡಲಿಲ್ಲ. ಮರುವಾರ ನಮ್ಮ ಗುಡ್ಡೆಯ ಮುರಕಲ್ಲು ಒಡೆಸಲು ಆಳು ಹೇಳಿದರು. ಆ ಸಿನಿಮಾ ನೋಡಿ ಪಟ್ಟಣ ಬಿಟ್ಟು ಹೊಲಕ್ಕೆ ಹೋದವರ ಕತೆ ನೀವು ಕೇಳಿರುತ್ತೀರಿ. ನಮ್ಮ ಮನೆಯಲ್ಲೇ ಒಬ್ಬರಿದ್ದರು.

ಈಗ ಅದೇ ಚಿತ್ರವನ್ನು ಎಣ್ಮಕಜೆ, ಪಡ್ರೆ ಕಡೆ ಹಾಕಿ ನೋಡಿ. ಇಲ್ಲಿಯ ಸರ್ಕಾರಿ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದರು. ನಮ್ಮ ಬಾವಿಗೂ ಬಿತ್ತು, ತೋಡಿಗೂ ಬಿತ್ತು, ಶಾಲೆಯ ಅಂಗಳಕ್ಕೂ ಬಿತ್ತು. ಮಕ್ಕಳಾಗಿದ್ದವರು ಹೆಲಿಕಾಪ್ಟರ್ ನೋಡಲಿಕ್ಕೆ ಅಂತ ಹೊರಗೆ ಓಡಿ ಬರುತ್ತಿದ್ದರು. ಆಮೇಲೆ ಹುಟ್ಟಿದ ಮಕ್ಕಳ ಸಂಕಟ ಇಡೀ ಲೋಕಕ್ಕೆ ಗೊತ್ತು. ಹೊಸ ವಿಜ್ಞಾನ, ಹೊಸ ಬೇಸಾಯ ಬಂದರೆ ಎಲ್ಲ ಒಳ್ಳೇದಾಗುತ್ತದೆ ಅನ್ನುವ ನಂಬಿಕೆ 1972ರ ಗಾಳಿಯಲ್ಲೇ ಇತ್ತು. ರಾಜೀವ ಆ ನಂಬಿಕೆಯ ಮಗ. ಹೆಲಿಕಾಪ್ಟರ್ ಬಂದದ್ದೂ ಅದೇ ನಂಬಿಕೆಯ ಹೆಸರಲ್ಲಿ. ಇದರಲ್ಲಿ ಸಿನಿಮಾದ ತಪ್ಪಿಲ್ಲ, ಅದಕ್ಕೆ ಮುಂದಿನದು ಗೊತ್ತಿರಲಿಲ್ಲ. ಗೊತ್ತಿಲ್ಲದ ಕಾರಣಕ್ಕೇ ಅದು ಅಷ್ಟು ಧೈರ್ಯವಾಗಿ ಕನಸು ಕಂಡಿತು. ನಾನು ಈಗಲೂ ಆ ಚಿತ್ರ ನೋಡಿ ಅಳುತ್ತೇನೆ. ಯಾವುದಕ್ಕೆ ಅಳುತ್ತೇನೆ ಅನ್ನುವುದು ಮಾತ್ರ ಬದಲಾಗಿದೆ.

ಸಣ್ಣ ಸಂಗತಿಗಳೂ ಇವೆ. ಹಳೇ ಚಿತ್ರದಲ್ಲಿ “ತಂತಿ ಬಂದಿದೆ” ಅಂದ ಕೂಡಲೇ ಮನೆಯ ಹೆಂಗಸರು ಅಳಲು ಶುರು ಮಾಡುತ್ತಾರೆ. ಒಬ್ಬಳು ಹುಡುಗಿ ಕೇಳಿದಳು, “ಕರೆಂಟಿನ ತಂತಿಯಾ?” 2013ರಲ್ಲೇ ತಂತಿ ಸೇವೆ ನಿಂತುಹೋಗಿದೆ, ಅವಳಿಗೆ ಹೇಗೆ ಗೊತ್ತಾಗಬೇಕು. ಕಾಗದ ಓದುವಾಗ ಕಾಗದದೊಳಗಿಂದಲೇ ಬರೆದವರ ಮುಖ ಬಂದು ಮಾತಾಡುವುದು ಅವಳಿಗೆ ವಿಡಿಯೋ ಕಾಲ್ ಥರ ಕಂಡಿತಂತೆ. ಸುಮ್ನೆ ನಗಬೇಡಿ. ಬೊಂಬಾಯಿಯಲ್ಲಿ ಹೋಟೆಲು ಕೆಲಸದಲ್ಲಿದ್ದ ಅಣ್ಣನ ಕಾಗದಕ್ಕೆ ಹದಿನೈದು ದಿನ ಕಾದ ನಮಗೂ ಆ ಮುಖ ಹಾಗೇ ಕಾಣುತ್ತಿತ್ತು.

ಚಂದ ಇಲ್ಲದ್ದೂ ಇದೆ, ಮುಚ್ಚಿಡುವುದಿಲ್ಲ. ನಾಯಕ ಹೆಂಡತಿಯ ಕೆನ್ನೆಗೆ ಹೊಡೆಯುತ್ತಾನೆ, ಅವಳು ಕಾಲಿಗೆ ಬೀಳುತ್ತಾಳೆ, ಟಾಕೀಸಿನಲ್ಲಿ ಶಿಳ್ಳೆ. ಆ ಶಿಳ್ಳೆಯಲ್ಲಿ ನನ್ನದೂ ಇತ್ತು. ತೊದಲುವವನನ್ನು, ಕುಳ್ಳನನ್ನು, ಕಪ್ಪಗಿರುವವಳನ್ನು ಹಾಸ್ಯಕ್ಕೆ ಇಟ್ಟುಕೊಂಡದ್ದು ಎಷ್ಟೋ ಚಿತ್ರಗಳಲ್ಲಿದೆ. ಈ ಹೊತ್ತಿನ ಮಕ್ಕಳಿಗೆ ಅದನ್ನೆಲ್ಲ ತೋರಿಸುವುದಾ ಅಂತ ನೀವು ಕೇಳಬಹುದು. ತೋರಿಸಬೇಕು. ಕತ್ತರಿಸಿ ಕೊಟ್ಟರೆ ನಮ್ಮ ಅಜ್ಜಂದಿರೆಲ್ಲ ದೇವರಾಗಿದ್ದರು ಅಂತ ಮಕ್ಕಳು ನಂಬುತ್ತಾರೆ. ಒಮ್ಮೆ ಅಂಥ ಒಂದು ಹೊಡೆತದ ದೃಶ್ಯಕ್ಕೆ ಹುಡುಗರು ನಕ್ಕರು. ಹುಡುಗಿಯರು ಯಾರೂ ನಗಲಿಲ್ಲ. ನಾನು ಏನೂ ಹೇಳಲಿಲ್ಲ, ಲೈಟ್ ಹಾಕಿದೆ ಅಷ್ಟೇ. ಹುಡುಗರಿಗೆ ಗೊತ್ತಾಯಿತು.

ಕಾಲಕ್ಕೂ ಸಿನಿಮಾಕ್ಕೂ ಜಗಳ ಆಗುವುದೂ ಇದೆ. 1970ರ ‘ಸಂಸ್ಕಾರ’ವನ್ನು ಸೆನ್ಸಾರಿನವರು ಮೊದಲು ತಡೆದರು. ಆಮೇಲೆ ಅದೇ ಚಿತ್ರಕ್ಕೆ ದೇಶದ ಅತ್ಯುತ್ತಮ ಚಿತ್ರದ ಪ್ರಶಸ್ತಿ ಬಂತು. ಒಂದು ಕೈ ಬಾಗಿಲು ಹಾಕಿತು, ಇನ್ನೊಂದು ಕೈ ಹಾರ ಹಾಕಿತು, ಎರಡೂ ದೆಹಲಿಯದ್ದೇ. ಅದರಲ್ಲಿ ಚಂದ್ರಿಯಾಗಿದ್ದ ಸ್ನೇಹಲತಾ ರೆಡ್ಡಿಯವರನ್ನು ತುರ್ತುಪರಿಸ್ಥಿತಿಯಲ್ಲಿ ಜೈಲಿಗೆ ಹಾಕಿದರು. ಅಸ್ತಮಾದಿಂದ ನರಳಿ, ಹೊರಗೆ ಬಂದ ಕೆಲವೇ ದಿನದಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಈಗ ಆ ಚಿತ್ರ ನೋಡುವಾಗ ಚಂದ್ರಿಯ ಮುಖದಲ್ಲಿ ಮುಂದಿನ ಏಳು ವರ್ಷವೂ ಕಾಣುತ್ತದೆ. ತೆಗೆದವರಿಗೆ ಅದು ಗೊತ್ತಿರಲಿಲ್ಲ, ನಮಗೆ ಗೊತ್ತು.

ಇನ್ನು ಬಣ್ಣ. ‘ಸತ್ಯ ಹರಿಶ್ಚಂದ್ರ’ಕ್ಕೆ 2008ರಲ್ಲಿ, ‘ಕಸ್ತೂರಿ ನಿವಾಸ’ಕ್ಕೆ 2014ರಲ್ಲಿ ಬಣ್ಣ ಹಾಕಿ ಬಿಟ್ಟರು. ಜನ ಹೋಗಿ ನೋಡಿದರು, ಸಂತೋಷ. ಆದರೆ ನಮಗೆ ಕಳಿಸುವಾಗ ಕಪ್ಪು ಬಿಳುಪನ್ನೇ ಕಳಿಸಿ. ಆ ಕ್ಯಾಮೆರಾದವರು ನೆರಳು ಬೆಳಕಿನಲ್ಲೇ ಲೆಕ್ಕ ಹಾಕಿ ತೆಗೆದದ್ದು. ಬಣ್ಣ ಹಾಕಿದ ಮೇಲೆ ಅಜ್ಜನಿಗೆ ಮೊಮ್ಮಗನ ಟೀ ಶರ್ಟ್ ಹಾಕಿದ ಹಾಗೆ ನನಗೆ ಕಾಣುತ್ತದೆ. ಇದು ನನ್ನೊಬ್ಬನ ಅಭಿಪ್ರಾಯ, ನನ್ನ ಹೆಂಡತಿಗೆ ಬಣ್ಣದ್ದೇ ಇಷ್ಟ.

ಸರಿ ಮಾಡುವುದು ಅಂದರೆ ಬೇರೆ. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ 1977ರ ಚಿತ್ರ. ಗರ್ಭಿಣಿಯಾದ ವಿಧವೆ ಯಮುನಕ್ಕನನ್ನು ಅಗ್ರಹಾರ ಏನು ಮಾಡಿತು ಅನ್ನುವುದನ್ನು ನಾಣಿ ಅನ್ನುವ ಪುಟ್ಟ ಹುಡುಗ ನೋಡುತ್ತಾನೆ. ಅದರ ಗೀರು, ಕಲೆ ತೆಗೆದು, ಕಪ್ಪು ಬಿಳುಪನ್ನು ಹಾಗೇ ಉಳಿಸಿ ಸರಿಪಡಿಸಿದರು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ವೆನಿಸ್ಸಿಗೆ ಹೋಗಿ ಬಂದದ್ದು ಬದಿಯಡ್ಕಕ್ಕೆ ಬರಲಿಕ್ಕೆ ಎಷ್ಟು ದೂರ ಸಾರ್? ಗಡಿಯ ತಲಪಾಡಿ ಚೆಕ್‌ಪೋಸ್ಟಿನಿಂದ ಈಚೆ ಒಂದು ಗಂಟೆ.

ತಿರುವನಂತಪುರದವರಿಗೂ ಒಂದು ಮಾತು. 1943ರ ಮಾರ್ಚ್‌ನಲ್ಲಿ ಗಲ್ಲಿಗೇರಿದ ಕಯ್ಯೂರಿನ ನಾಲ್ವರು ರೈತರ ಕತೆ ನಮ್ಮದೇ ಜಿಲ್ಲೆಯದ್ದು. ಅದನ್ನು ಕಾದಂಬರಿ ಮಾಡಿದ್ದು ಕನ್ನಡದ ನಿರಂಜನ, ‘ಚಿರಸ್ಮರಣೆ’ ಅಂತ. ಸಿನಿಮಾ ಮಾಡಿದ್ದು ಮಲಯಾಳದ ಲೆನಿನ್ ರಾಜೇಂದ್ರನ್, 1986ರಲ್ಲಿ, ‘ಮೀನಮಾಸತ್ತಿಲೆ ಸೂರ್ಯನ್’ ಅಂತ. ಚಂದ್ರಗಿರಿ ಹೊಳೆಯ ಈಚೆಯ ನಮ್ಮ ಮಕ್ಕಳು ಕಾದಂಬರಿ ಓದುತ್ತಾರೆ, ಸಿನಿಮಾ ನೋಡಿಲ್ಲ. ಆಚೆಯವರು ಸಿನಿಮಾ ನೋಡಿದ್ದಾರೆ. ಎರಡನ್ನೂ ಒಂದು ಶನಿವಾರ ಒಂದೇ ಕೋಣೆಗೆ ತರಲು ಬೇಕಾದದ್ದು ಪರದೆಯ ಕೆಳಗೆ ನಾಲ್ಕು ಸಾಲು ಕನ್ನಡ. ಅದೇ ಥರ ಕನ್ನಡ ಚಿತ್ರಗಳಿಗೆ ಕೆಳಗೆ ಮಲಯಾಳ ಹಾಕಿಸಿ ಕಳಿಸಿದರೆ ನಮ್ಮ ಪಕ್ಕದ ಮನೆಯವರೂ ಬಂದು ಕೂರುತ್ತಾರೆ. ಅವರನ್ನು ಹೊರಗಿಟ್ಟು ಕನ್ನಡ ಹಬ್ಬ ಮಾಡಿ ಮಾಡಿ ಸಾಕಾಗಿದೆ.

ಅಜ್ಜಿಯ ವಿಷಯ ಬಾಕಿ ಇದೆ. ತಿಂಗಳು ಕಳೆದು ವಾಚನಾಲಯದಲ್ಲಿ ‘ಚೋಮನ ದುಡಿ’ ಪೂರ್ತಿ ಹಾಕಿದೆವು. ಭಾಷಣ ಇಟ್ಟಿರಲಿಲ್ಲ. ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದರು. ಎತ್ತುಗಳನ್ನು ಬಿಟ್ಟು, ಬಾಗಿಲು ಹಾಕಿಕೊಂಡು, ದುಡಿ ಬಾರಿಸುತ್ತಾ ಚೋಮ ಸಾಯುತ್ತಾನೆ. ಸಿನಿಮಾ ಮುಗಿದ ಮೇಲೂ ಅವರು ಏಳಲಿಲ್ಲ. ಅಜ್ಜಿಯ ಅಪ್ಪ ಅಮ್ಮ ಧಣಿಗಳ ತೋಟದ ಅಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದವರು. ಕೇರಳದ ಕಾನೂನಿನಲ್ಲಿ ಗುಡಿಸಲು ಇದ್ದವರಿಗೆ ಪಂಚಾಯತಿಯಲ್ಲಿ ಹತ್ತು ಸೆಂಟ್ಸ್ ಸಿಗುತ್ತಿತ್ತು. ಅವರಿಗೂ ಸಿಕ್ಕಿತು. ಈಗ ಅಲ್ಲಿ ತಾರಸಿ ಮನೆ ಇದೆ, ಎರಡು ತೆಂಗು, ಒಂದು ಪೇರಳೆ. ಅಜ್ಜಿ ಮೊಮ್ಮಗಳಿಗೆ ಹೇಳಿದರು, “ಇವನು ಸ್ವಲ್ಪ ಈಚೆ ಬಂದಿದ್ದರೆ ಹತ್ತು ಸೆಂಟ್ಸ್ ಸಿಗುತ್ತಿತ್ತು.” ಸ್ವಲ್ಪ ಬಿಟ್ಟು, “ಉಳಲಿಕ್ಕೆ ಸಾಲದು” ಅಂದರು. ಹತ್ತನೇ ಕ್ಲಾಸಿನ ಆ ಹುಡುಗಿ ತಮ್ಮ ಮನೆ ಯಾಕೆ ಸರಿಯಾಗಿ ಹತ್ತೇ ಸೆಂಟ್ಸ್ ಅಂತ ಆವತ್ತು ಮೊದಲ ಸಲ ಕೇಳಿದಳು.

ಹಾಗಾಗಿ ನನ್ನ ಬೇಡಿಕೆ ಇಷ್ಟು. ಡ್ಯಾನ್ಸ್ ತಂಡ ಕಳಿಸುವ ಬಸ್ಸಿನಲ್ಲೇ ವರ್ಷಕ್ಕೆ ಆರು ಹಳೇ ಚಿತ್ರ ಕಳಿಸಿ. ಟಿವಿಯಿಂದ ಎತ್ತಿದ್ದು ಬೇಡ, ಮೂಲೆಯಲ್ಲಿ ಚಾನೆಲ್ಲಿನ ಗುರುತು ಮಿಣುಕುವುದು ಬೇಡ, ಹಾಡು ಕತ್ತರಿಸಿದ್ದು ಬೇಡ. ಹಕ್ಕು ಇದ್ದವರಿಗೆ ಕೊಡಬೇಕಾದ್ದು ಕೊಟ್ಟು, ಸರಿಯಾದ ಪ್ರತಿ ತನ್ನಿ. ಯಾವ ಚಿತ್ರ ಅಂತ ಆರಿಸಲು ನಮ್ಮ ಊರವರನ್ನೂ ಕೂರಿಸಿ, ನಮಗೆ ನಿಮಗಿಂತ ಬೇರೆ ಕಾರಣಗಳಿವೆ. ಅತಿಥಿಗಳು ಬಂದರೆ ಕೊನೆಯ ಸಾಲಿನಲ್ಲಿ ಕೂತು ನೋಡಲಿ. ಬೇಜಾರಾದರೆ ಎದ್ದು ಹೋಗಲಿ, ಗುಂಡಿ ಒತ್ತುವುದು ಬೇಡ.

ಕೋಣೆ ನಮ್ಮದಿದೆ, ಪ್ರೊಜೆಕ್ಟರ್ ಇದೆ, ಪಂಚೆ ಈಗ ಮೂರು ಸೇರಿಸಿದ್ದೇವೆ. ಮಳೆಗಾಲ ಬೇಡ, ಹಂಚಿನ ಸದ್ದಿಗೆ ಮಾತು ಕೇಳಿಸುವುದಿಲ್ಲ, ಕರೆಂಟೂ ಇರುವುದಿಲ್ಲ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಯಾವ ಶನಿವಾರವಾದರೂ ಆಗುತ್ತದೆ, ಹತ್ತಿರದಲ್ಲಿ ಯಕ್ಷಗಾನದ ಆಟ ಇಲ್ಲದ ದಿನ ನೋಡಿಕೊಳ್ಳಿ. ಅಜ್ಜಿಗೆ ಬೆಂಚಿನಲ್ಲಿ ಎರಡೂವರೆ ಗಂಟೆ ಕೂರಲಿಕ್ಕೆ ಆಗುವುದಿಲ್ಲ, ಬೆನ್ನು ನೋವು. ಕೈ ಇರುವ ಕುರ್ಚಿಯೊಂದು ನಮ್ಮ ಮನೆಯಿಂದ ತರುತ್ತೇನೆ.

ಇತಿ,
ಬದಿಯಡ್ಕ ಕಡೆಯ ಒಬ್ಬ ನಿವೃತ್ತ ಕನ್ನಡ ಮಾಷ್ಟ್ರು